ಬೋಟ್ ಎಳೆಯಲು ಸೆಕೆಂಡ್‌ಹ್ಯಾಂಡ್ ಫೋರ್ ಬೈ ಫೋರ್: ಎಂಟು ಲಕ್ಷದೊಳಗೆ ಯಾವುದು ತಗೊಳ್ಳಲಿ?

ಕೆಮ್ಮಣ್ಣಿನವ · ಮೇ 9

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬೇರೆಯವರು ಬರೆದದ್ದನ್ನು ಓದಿಕೊಂಡು ಹಾಯಾಗಿದ್ದೆ. ಈಗ ನನಗೇ ಒಂದು ತಲೆಬಿಸಿ ಶುರುವಾಗಿದೆ.

ನಮ್ಮ ಮಾವನ ಹತ್ತಿರ ಹದಿನೇಳು ಅಡಿಯ ಫೈಬರ್ ಬೋಟ್ ಇತ್ತು. ಅವರಿಗೆ ಈಗ ಮಂಡಿನೋವು. ಹಾಗಾಗಿ ಕಳೆದ ವರ್ಷ ಬೋಟ್ ನಮ್ಮ ಅಂಗಳಕ್ಕೆ ಬಂತು. ಹಿಂದೆ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ ಇದೆ. ಟ್ರೇಲರ್ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು, ಹಳೆಯ ಜೀಪಿನ ಆಕ್ಸಲ್ ಹಾಕಿ. ದಂಧೆಗಲ್ಲ, ರಜೆ ದಿನ ಗಾಳ ಹಾಕಲಿಕ್ಕೆ, ಮಕ್ಕಳನ್ನು ಹೊಳೆಯಲ್ಲಿ ಸುತ್ತಿಸಲಿಕ್ಕೆ ಅಷ್ಟೇ.

ತೊಂದರೆ ಏನೆಂದರೆ ಪ್ರತಿ ಸಲ ಪಿಕಪ್ ಬಾಡಿಗೆಗೆ ಕರೆಯಬೇಕು. ಬೆಳಿಗ್ಗೆ ಇಳಿಸಿಕೊಟ್ಟ ಡ್ರೈವರ್ ಸಂಜೆ ಬೇರೆ ಬಾಡಿಗೆಗೆ ಹೋಗಿರುತ್ತಾನೆ. ನಾವು ಬೋಟ್ ಕಟ್ಟಿಕೊಂಡು ಹೊಳೆಬದಿಯ ಕಡವಿನಲ್ಲಿ ಸೊಳ್ಳೆ ಹೊಡೆಯುತ್ತಾ ಕೂರಬೇಕು.

ಮನೆಯ ಕಾರು ಹೇಗೂ ಬದಲಿಸಬೇಕಾಗಿದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ಬೈ ಫೋರ್ ತಗೊಂಡರೆ ಬೋಟನ್ನೂ ನಾನೇ ಎಳೆಯಬಹುದು. ಬಜೆಟ್ ಎಂಟು ಲಕ್ಷ. ಬೋಟ್, ಟ್ರೇಲರ್ ಎಲ್ಲ ಸೇರಿ ಏಳುನೂರು ಕೆಜಿ ಇರಬಹುದು. ಹೋಗುವುದು ಕೋಡಿ ಬೆಂಗ್ರೆ, ಮುಲ್ಕಿಯ ಶಾಂಭವಿ ಹೊಳೆ, ವರ್ಷಕ್ಕೆ ಒಂದೆರಡು ಸಲ ಗಂಗೊಳ್ಳಿ ಕಡೆ. ತಲೆಯಲ್ಲಿರುವುದು ಥಾರ್, ಸಫಾರಿ ಸ್ಟಾರ್ಮ್, ಮೊದಲ ತಲೆಮಾರಿನ ಫಾರ್ಚುನರ್, ಇಸುಜು ವಿ-ಕ್ರಾಸ್. ಥಾರ್ ಬೇಡ ಅಂತ ಮನೆಯಲ್ಲಿ ಆಗಲೇ ತೀರ್ಪು ಬಂದಿದೆ. ಆದರೂ ಆಸೆ ಬಿಟ್ಟಿಲ್ಲ.

ಸುಮ್ನೆ ಕೇಳ್ದೆ · ಮೇ 9

ಒಂದು ಬಾಡಿಗೆಗೆ ಎಷ್ಟು ಕೊಡ್ತೀರಿ? ಸಾವಿರದ ಐನೂರು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಇಪ್ಪತ್ತು ಸಲ ಹೋದರೂ ಮೂವತ್ತು ಸಾವಿರ. ಎಂಟು ಲಕ್ಷಕ್ಕೆ ಇಪ್ಪತ್ತಾರು ವರ್ಷ ಪಿಕಪ್ ಬರುತ್ತದೆ, ಡ್ರೈವರ್ ಸಮೇತ. ಡೀಸೆಲ್ ಕೂಡ ಅವನದ್ದೇ. ಬೋಟನ್ನು ಹೊಳೆಯಲ್ಲೇ ಕಟ್ಟಿ ಬಿಟ್ಟರೆ ಅದೂ ಬೇಡ.

ಕೆಮ್ಮಣ್ಣಿನವ · ಮೇ 9

ಲೆಕ್ಕ ಸರಿ ಇದೆ. ಹೆಂಡತಿಗೆ ಮಾತ್ರ ತೋರಿಸಬೇಡಿ.

ಹೊಳೆಯಲ್ಲಿ ಕಟ್ಟಿ ನೋಡಿದ್ದೇವೆ. ಮೂರೇ ತಿಂಗಳಲ್ಲಿ ಬೋಟಿನ ಅಡಿಗೆ ಕೈ ಹಚ್ಚಿದರೆ ಕೊಯ್ಯುವಷ್ಟು ಚಿಪ್ಪು ಹತ್ತಿತ್ತು. ಕೆರೆಯುವಾಗ ಸಾಕೋ ಸಾಕಾಯಿತು. ಇಂಜಿನ್ ಬಿಟ್ಟು ಬರಲಿಕ್ಕೂ ಧೈರ್ಯ ಇಲ್ಲ.

ಹಳೆ ಫಾರ್ಚುನರ್ · ಮೇ 10

ಕಣ್ಣು ಮುಚ್ಚಿ ಹಳೆಯ ಫಾರ್ಚುನರ್ ತಗೊಳ್ಳಿ ಮಾರಾಯ್ರೆ. 2009ರಲ್ಲಿ ಬಂದ 3.0 ಡೀಸೆಲ್, 343 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ನಾನು ಮಂಗಳೂರಿನಲ್ಲಿ ಎಂಟು ವರ್ಷದಿಂದ ಓಡಿಸುತ್ತಿದ್ದೇನೆ. ಇದರ ಒಂದು ಗುಣ ಜಾಸ್ತಿ ಜನರಿಗೆ ಗೊತ್ತಿಲ್ಲ. ಆ ಕಾಲದ ಫೋರ್ ಬೈ ಫೋರ್ ಫಾರ್ಚುನರ್‌ನಲ್ಲಿ ನಾಲ್ಕು ಚಕ್ರಕ್ಕೂ ಯಾವಾಗಲೂ ಶಕ್ತಿ ಹೋಗುತ್ತಿರುತ್ತದೆ. ನಡುವೆ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲಿಕ್ಕೆ ಬಿಡುವ ಡಿಫರೆನ್ಷಿಯಲ್ ಇರುವುದರಿಂದ ಟಾರು ರಸ್ತೆಯಲ್ಲೂ ತೊಂದರೆ ಇಲ್ಲ. ಮಳೆಗಾಲದಲ್ಲಿ ಹೆದ್ದಾರಿ 66ರಲ್ಲಿ ಹಿಂದೆ ಭಾರ ಕಟ್ಟಿಕೊಂಡು ಹೋಗುವಾಗ ಅದರ ಸುಖ ಗೊತ್ತಾಗುತ್ತದೆ. ಸ್ಟಾರ್ಮ್, ಥಾರ್, ವಿ-ಕ್ರಾಸ್ ಎಲ್ಲ ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಗಾಡಿಗಳು. ಅವನ್ನು ಒಣ ಟಾರಿನಲ್ಲಿ ಫೋರ್ ಹೈನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ, ಮಾಮೂಲಿ ವೇಗ) ಓಡಿಸಿದರೆ ತಿರುವಿನಲ್ಲಿ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ಜಗ್ಗಾಡುತ್ತವೆ. ಗೇರ್‌ಬಾಕ್ಸ್ ಹಾಳಾಗುತ್ತದೆ.

ನೆನಪಿಡಿ, ಟೂ ವೀಲ್ ಡ್ರೈವ್ ಫಾರ್ಚುನರ್ ಕೂಡ ಬಂದಿದೆ. ಹಿಂದಿನ ಬೋರ್ಡು ನೋಡಿ ನಂಬಬೇಡಿ. ಒಳಗೆ ಎರಡನೇ ಲಿವರ್ ಉಂಟಾ ನೋಡಿ.

ಗ್ರೀಸ್ ಕೈ · ಮೇ 10

ಇಪ್ಪತ್ತೆರಡು ವರ್ಷದಿಂದ ಮಲ್ಪೆ ಕಡೆ ಗ್ಯಾರೇಜ್ ಕೆಲಸ ಮಾಡುತ್ತಿದ್ದೇನೆ. ಗಾಡಿ ಮಾತಾಡುವ ಮೊದಲು ಒಂದು ಪ್ರಶ್ನೆ. ಏಳುನೂರು ಕೆಜಿ ಅಂತ ಯಾರು ಹೇಳಿದ್ದು? ತೂಕ ಹಾಕದ ಬೋಟ್ ಎಲ್ಲವೂ ಏಳುನೂರು ಕೆಜಿಯೇ ಇರುತ್ತದೆ ಅಣ್ಣ. ಮುಂದಿನ ಸಲ ಪಿಕಪ್ ಕರೆದಾಗ ದಾರಿಯಲ್ಲಿ ಲಾರಿ ತೂಕ ಹಾಕುವ ವೇಬ್ರಿಜ್‌ಗೆ ಹೋಗಿ. ಟ್ರೇಲರ್ ಮೇಲೆ ಹತ್ತಿಸಿ, ಕೊಂಡಿ ಬಿಚ್ಚಿ, ಪಿಕಪ್ ಹೊರಗೆ ತೆಗೆದು ತೂಕ ಮಾಡಿಸಿ. ನೂರಿನ್ನೂರು ರೂಪಾಯಿ ಕೆಲಸ. ಪೆಟ್ರೋಲ್, ಬ್ಯಾಟರಿ, ಆಂಕರ್, ಹಗ್ಗ, ಐಸ್ ಬಾಕ್ಸ್ ಎಲ್ಲ ಇರಲಿ, ನೀವು ಹೋಗುವಾಗ ಹೇಗಿರುತ್ತದೋ ಹಾಗೆ.

ಇನ್ನೊಂದು. ಕೊಂಡಿಯ ಮೇಲೆ ಎಷ್ಟು ಭಾರ ಕೂರುತ್ತದೆ ಅಂತ ನೋಡಿ. ಅಡಿಕೆ ಅಂಗಡಿಯ ತಕ್ಕಡಿ ಸಾಕು. ಗಾಡಿಯ ಕೊಂಡಿ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟೇ ಎತ್ತರಕ್ಕೆ ಮರದ ತುಂಡು ಇಟ್ಟು ಅದರ ಮೇಲೆ ಟ್ರೇಲರಿನ ಮೂತಿ ಕೂರಿಸಿ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಅಲ್ಲಿ ಬರಬೇಕು. ಅದಕ್ಕಿಂತ ತುಂಬ ಕಡಿಮೆ ಇದ್ದರೆ ಅರವತ್ತು ಕಿಲೋಮೀಟರ್ ಸ್ಪೀಡಿನಲ್ಲಿ ಟ್ರೇಲರ್ ನಾಯಿ ಬಾಲದ ಹಾಗೆ ಅಲ್ಲಾಡುತ್ತದೆ. ಆಮೇಲೆ ಯಾವ ಫಾರ್ಚುನರ್ ಇದ್ದರೂ ಒಂದೇ.

ಕೆಮ್ಮಣ್ಣಿನವ · ಮೇ 17

ಗ್ರೀಸ್ ಕೈ ಅಣ್ಣ, ನಿಮಗೆ ಅಡ್ಡಬಿದ್ದೆ. 1,220 ಕೆಜಿ!

ವೇಬ್ರಿಜ್‌ನವ ಚೀಟಿ ಕೊಟ್ಟಾಗ ಮಿಷನ್ ಹಾಳಾಗಿದೆ ಅಂದುಕೊಂಡೆ. ಪಿಕಪ್ ಡ್ರೈವರ್ ನಕ್ಕು ಬೋಟಿನ ಹಿಂಭಾಗಕ್ಕೆ ಕೈಯಿಂದ ಬಡಿದ. ಬುಳಬುಳ ಅಂತ ಸದ್ದು. ಹಿಂದಿನ ಬೂಚು ತೆಗೆದರೆ ನೀರು ಬರಲಿಕ್ಕೆ ಶುರು. ಹಲಗೆಯ ಅಡಿ ನಿಂತಿದ್ದ ನೀರು, ಕಂದು ಬಣ್ಣ, ಒಳ್ಳೆ ವಾಸನೆ ಬೇರೆ. ಕಾಲು ಗಂಟೆ ಹರಿಯಿತು. ಪುನಃ ತೂಕ ಹಾಕಿದಾಗ 1,140. ಅಂದರೆ ಎಂಬತ್ತು ಲೀಟರ್ ಹಳೆ ಮಳೆನೀರನ್ನು ನಾವು ಮುಲ್ಕಿಗೂ ಗಂಗೊಳ್ಳಿಗೂ ಮೆರವಣಿಗೆ ಮಾಡಿಸುತ್ತಿದ್ದೆವು.

ಕೊಂಡಿಯ ಮೇಲೆ ಬರೀ 35 ಕೆಜಿ. ಒಂದು ಕೈಯಲ್ಲಿ ಎತ್ತಬಹುದು. ಅದು ಒಳ್ಳೆಯದು ಅಂತ ಇಷ್ಟು ದಿನ ಖುಷಿಪಡುತ್ತಿದ್ದೆ!

ಗ್ರೀಸ್ ಕೈ · ಮೇ 17

ಮಳೆ ಮುಗಿಯುವ ತನಕ ಬೂಚು ತೆಗೆದೇ ಇಡಿ. ಬೋಟಿನ ಮೂತಿ ಸ್ವಲ್ಪ ಮೇಲಿರಲಿ, ನೀರು ತಾನೇ ಹೋಗುತ್ತದೆ.

ಕೆಮ್ಮಣ್ಣಿನವ · ಮೇ 17

ಆಯ್ತು. ಬೂಚನ್ನೂ ವೇಬ್ರಿಜ್ ಚೀಟಿಯನ್ನೂ ಒಂದೇ ಕವರಿಗೆ ಹಾಕಿಟ್ಟೆ.

ಹೊಯಿಗೆ ಬಜಾರ್ · ಮೇ 18

ಟ್ರೇಲರ್ ವಿಷಯ ಆದ್ದರಿಂದ ನಾನೂ ಎರಡು ಮಾತು ಸೇರಿಸುತ್ತೇನೆ. ಬೋಟ್ ಕೆಲಸದ ಜೊತೆಯಲ್ಲೇ ಬೆಳೆದವನು.

35 ಕೆಜಿ ಬಂದದ್ದು ಔಟ್‌ಬೋರ್ಡ್ ಪೂರ್ತಿ ಹಿಂದೆ ಇರುವುದರಿಂದ. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಕೂಡ ಹಿಂದೆಯೇ ಇರಬೇಕು. ಅವೆರಡನ್ನು ಮುಂದಕ್ಕೆ ತನ್ನಿ. ಸಾಲದಿದ್ದರೆ ಬೋಟನ್ನು ಟ್ರೇಲರ್ ಮೇಲೆ ಎಳೆದುಕೊಳ್ಳುವ ಮುಂದಿನ ವಿಂಚ್ ಕಂಬವನ್ನು ಅರ್ಧ ಅಡಿ ಮುಂದೆ ಸರಿಸಿ ಬೋಟನ್ನೂ ಮುಂದೆ ಕೂರಿಸಿ. ಆದರೆ ಬೋಟಿನ ಹಿಂಬದಿ ಟ್ರೇಲರಿನ ಆಧಾರದಿಂದ ಹೊರಗೆ ನೇತಾಡಬಾರದು. ಇಂಜಿನ್ ತೂಗುವುದು ಅಲ್ಲೇ. ಫೈಬರ್ ಬಿರಿಯುತ್ತದೆ. ಹಾಗೆ ಆಗುವುದಾದರೆ ಆಕ್ಸಲನ್ನೇ ಹಿಂದಕ್ಕೆ ಸರಿಸಿ ವೆಲ್ಡ್ ಮಾಡಿಸಬೇಕು. ನಿಮ್ಮ 1,140ಕ್ಕೆ ಕೊಂಡಿಯ ಮೇಲೆ ನೂರು, ನೂರಹದಿನೈದು ಬಂದರೆ ಚೆಂದ.

ಇನ್ನು ಬ್ರೇಕ್. ಯುರೋಪಿನಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕೆಜಿ ಮಿತಿ. ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ಭೌತಶಾಸ್ತ್ರಕ್ಕೆ ಯಾವ ದೇಶ ಅಂತ ಗೊತ್ತಿಲ್ಲ ಅಲ್ವಾ? ಒಂದು ಟನ್ ದಾಟಿದ ಮೇಲೆ ಟ್ರೇಲರ್‌ಗೆ ಬ್ರೇಕ್ ಬೇಕೇ ಬೇಕು. ಸುಲಭದ್ದು ಅಂದರೆ ಟ್ರೇಲರ್ ಮುಂದಕ್ಕೆ ನೂಕಿದಾಗ ಕೊಂಡಿಯೇ ಒಳಗೆ ಸರಿದು ಬ್ರೇಕ್ ಹಿಡಿಯುವ ಜಾತಿ. ಒಂದು ಕಿರಿಕಿರಿ ಇದೆ. ಇಳಿಜಾರಿನಲ್ಲಿ ರಿವರ್ಸ್ ಬರುವಾಗಲೂ ಅದು ಹಿಡಿದುಕೊಳ್ಳುತ್ತದೆ. ಅದಕ್ಕೆ ಒಂದು ಪಿನ್ ಹಾಕಿ ತಡೆಯಬೇಕು. ಮೇಲೆ ಬಂದ ಮೇಲೆ ಪಿನ್ ತೆಗೆಯಲಿಕ್ಕೆ ಮರೆಯಬಾರದು.

ಬೇರಿಂಗ್. ಅರ್ಧ ಗಂಟೆ ಓಡಿದ ಟ್ರೇಲರಿನ ಚಕ್ರದ ನಡುವಿನ ಹಬ್ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಹಾಗೇ ನೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ. ಸೀಲಿನ ಸಂದಿಯಿಂದ ಉಪ್ಪುನೀರು ಎಳೆದುಕೊಳ್ಳುತ್ತದೆ. ಎರಡೇ ತಿಂಗಳು, ಬೇರಿಂಗ್ ಕಥೆ ಮುಗಿಯಿತು. ಇಪ್ಪತ್ತು ನಿಮಿಷ ನಿಲ್ಲಿಸಿ, ಚಾ ಕುಡಿಯಿರಿ, ಆಮೇಲೆ ಇಳಿಸಿ. ಮನೆಗೆ ಬಂದ ಕೂಡಲೇ ಬಾವಿ ನೀರಿನಲ್ಲಿ ಹಬ್, ಸ್ಪ್ರಿಂಗ್, ಬ್ರೇಕ್ ಎಲ್ಲ ತೊಳೆಯಿರಿ. ಗಾಡಿಯ ಅಡಿಯನ್ನೂ.

ಹಳೆ ಫಾರ್ಚುನರ್ · ಮೇ 18

ನಾವು ಗಾಡಿ ಮಾತಾಡೋದಾ ಟ್ರೇಲರ್ ಮಾತಾಡೋದಾ?

ಗ್ರೀಸ್ ಕೈ · ಮೇ 18

ಎರಡೂ ಒಂದೇ. ಎಳೆಯುವುದು ದೊಡ್ಡ ವಿಷಯ ಅಲ್ಲ. ಪಿಕಪ್ ಎಳೆಯುತ್ತದೆ, ಟ್ರ್ಯಾಕ್ಟರ್ ಎಳೆಯುತ್ತದೆ. ನಿಲ್ಲಿಸುವುದು, ಮತ್ತೆ ಕಡವಿನ ಇಳಿಜಾರಿನಿಂದ ಮೇಲೆ ತರುವುದು, ಅಲ್ಲಿ ಗಾಡಿಯ ಜಾತಕ ಗೊತ್ತಾಗುತ್ತದೆ.

ಕಡಲಕರೆ ಅಕ್ಕ · ಮೇ 19

ಇಳಿಜಾರಿನ ಮಾತು ಬಂದದ್ದಕ್ಕೆ ನಮ್ಮ ಮನೆಯ ಕಥೆ ಹೇಳುತ್ತೇನೆ. ತಮ್ಮ ಓದಿದರೆ ಬೈಯುತ್ತಾನೆ, ಬೈಯಲಿ.

ನಮ್ಮಲ್ಲಿ ಹಳೆಯ ಫೋರ್ ಬೈ ಫೋರ್ ಜೀಪ್ ಇತ್ತು. ಒಂದು ಸಂಜೆ ಬೋಟ್ ಮೇಲೆ ತೆಗೆಯಲಿಕ್ಕೆ ಹೋಗಿದ್ದೆವು. ಇಳಿತದ ಹೊತ್ತು. ನೀರು ಕೆಳಗೆ ಹೋಗಿ ಇಳಿಜಾರಿನ ಕೊನೆಯ ಎಂಟು ಹತ್ತು ಅಡಿ ಬರೀ ಪಾಚಿ, ಹಸಿರು ವೆಲ್ವೆಟ್ ಹಾಸಿದ ಹಾಗೆ. ತಮ್ಮ ರಿವರ್ಸ್ ಬಂದು ಪಾಚಿಯ ಅಂಚಿಗೆ ನಿಲ್ಲಿಸಿದ. ಎರಡನೇ ಲಿವರ್ ಫೋರ್ ಲೋಗೆ, ಅಂದರೆ ವೇಗ ಕಡಿಮೆ ಬಲ ಜಾಸ್ತಿ ಇರುವ ಜಾಗಕ್ಕೆ, ಎಳೆದ. ಮೊದಲ ಗೇರಿನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಗೇರಲ್ಲಿ ಉಂಟಲ್ಲ ಅಂತ ಧೈರ್ಯ.

ಲಿವರ್ ಪೂರ್ತಿ ಬಿದ್ದಿರಲಿಲ್ಲ. ಫೋರ್ ಹೈಗೂ ಫೋರ್ ಲೋಗೂ ನಡುವೆ ಒಂದು ನ್ಯೂಟ್ರಲ್ ಇರುತ್ತದೆ, ಅಲ್ಲಿ ನಿಂತಿತ್ತು. ಆಗ ಗಾಡಿ ಯಾವ ಗೇರಲ್ಲಿದ್ದರೂ ಲೆಕ್ಕಕ್ಕಿಲ್ಲ. ಇಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಆಟೋಮ್ಯಾಟಿಕ್ ಗಾಡಿಯನ್ನು ಪಾರ್ಕ್‌ನಲ್ಲಿ ಇಟ್ಟರೂ ಅಷ್ಟೇ. ಹ್ಯಾಂಡ್‌ಬ್ರೇಕ್ ಒಂದೇ ಹಿಡಿದಿತ್ತು, ಅದೂ ಸವೆದದ್ದು.

ಸದ್ದೇ ಇಲ್ಲ. ಅದೇ ನನಗೆ ಇವತ್ತಿಗೂ ನೆನಪು. ಜೀಪ್ ಸುಮ್ಮನೆ, ತುಂಬ ನಿಧಾನ, ನಮ್ಮನ್ನು ಕೇಳದೆ ಹಿಂದಕ್ಕೆ ಹೊರಟಿತು. ತಮ್ಮ ಬಾನೆಟ್ ಹಿಡಿದು ತಡೆಯಲಿಕ್ಕೆ ನೋಡಿದ, ಕಾಲು ಜಾರಿ ಕೂತ. ಟ್ರೇಲರ್ ಮೊದಲು ಮುಳುಗಿತು, ಆಮೇಲೆ ಜೀಪಿನ ಹಿಂದಿನ ಸೀಟಿನ ತನಕ ನೀರು. ಅಲ್ಲಿ ಕೆಸರು ಹಿಡಿದು ನಿಂತಿತು. ಉಬ್ಬರ ಏರುವ ಮೊದಲು ಟ್ರ್ಯಾಕ್ಟರ್ ಸಿಕ್ಕಿದ್ದು ನಮ್ಮ ಪುಣ್ಯ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ. ಯಾರಾದರೂ ಇಳಿಯುವ ಮೊದಲು ಇನ್ನೊಬ್ಬರು ಚಕ್ರದ ಅಡಿಗೆ ಕಲ್ಲು ಕೊಡಬೇಕು. ಮತ್ತೆ ಉಬ್ಬರದ ಹೊತ್ತು ನೋಡಿಯೇ ಹೋಗುವುದು. ನೀರು ಮೇಲಿದ್ದರೆ ಗಾಡಿ ಪಾಚಿಗೆ ಇಳಿಯುವುದೇ ಬೇಡ. ದಿನಕ್ಕೆ ಎರಡು ಸಲ ಉಬ್ಬರ ಬರುತ್ತದೆ, ಅವಸರ ಯಾಕೆ?

ಸುಮ್ನೆ ಕೇಳ್ದೆ · ಮೇ 19

ಅಕ್ಕ, ಜೀಪ್ ಆಮೇಲೆ ಓಡಿತಾ?

ಕಡಲಕರೆ ಅಕ್ಕ · ಮೇ 19

ಓಡಿತು. ಆದರೆ ಪ್ರತಿ ಮಳೆಗಾಲದಲ್ಲಿ ಒಂದೊಂದು ವಯರ್ ಸಾಯುತ್ತಾ ಬಂತು. ನಾಲ್ಕನೇ ವರ್ಷ ಗುಜರಿಗೆ.

ಕಾಫಿ ಘಾಟಿ · ಮೇ 20

ಘಟ್ಟದ ಮೇಲಿನಿಂದ ಬರೆಯುತ್ತಿದ್ದೇನೆ, ಮೂಡಿಗೆರೆ ಕಡೆ. ನಮಗೆ ಬೋಟ್ ಇಲ್ಲ, ಆದರೆ ತೋಟದಲ್ಲಿ ಟ್ರೇಲರ್ ದಿನಾ ಎಳೆಯುತ್ತೇವೆ. ಹಾಗಾಗಿ ಗಾಡಿಗಳ ಬಗ್ಗೆ ನನ್ನ ಅನುಭವ ಇಷ್ಟು.

ಲೋ ರೇಂಜ್ ಇಲ್ಲದ ಗಾಡಿಗೆ ಹೋಗಲೇಬೇಡಿ. ಎಕ್ಸ್‌ಯುವಿ500, ಡಸ್ಟರ್ ಇವುಗಳ ಎಡಬ್ಲ್ಯುಡಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ) ಮಾಡೆಲ್ ಕಡಿಮೆಗೆ ಸಿಕ್ಕಬಹುದು. ಕೆಸರಿನಲ್ಲಿ ಚೆನ್ನಾಗಿಯೇ ಹೋಗುತ್ತವೆ. ಆದರೆ ಲೋ ಇಲ್ಲ. ಸಾಮಾನ್ಯ ಫೋರ್ ಬೈ ಫೋರ್‌ನಲ್ಲಿ ಲೋ ಹಾಕಿದರೆ ಸುಮಾರು ಎರಡೂವರೆ ಪಟ್ಟು ಬಲ ಚಕ್ರಕ್ಕೆ ಬರುತ್ತದೆ, ವೇಗ ಅಷ್ಟೇ ಕಡಿಮೆ ಆಗುತ್ತದೆ. ಇಳಿಜಾರಿನಲ್ಲಿ ಒಂದು ಟನ್ ಕಟ್ಟಿಕೊಂಡು ಮೇಲೆ ಬರುವಾಗ ಲೋ ಇದ್ದರೆ ಕ್ಲಚ್ ಬಿಟ್ಟರೆ ಸಾಕು, ಆನೆ ಹಾಗೆ ನಡೆದು ಬರುತ್ತದೆ. ಇಲ್ಲದಿದ್ದರೆ ಕ್ಲಚ್ ಅರ್ಧ ಹಿಡಿದು, ಇಂಜಿನ್ ಕಿರುಚಿಸಿ, ಸುಟ್ಟ ವಾಸನೆ ಕುಡಿದುಕೊಂಡು ಬರಬೇಕು.

ಥಾರ್ ಚೆಂದ, ನನ್ನ ಹತ್ತಿರವೂ ಹಳೆಯ ಸಿಆರ್‌ಡಿಇ ಇದೆ. 247 ಎನ್‌ಎಂ, ಲೋ ಇದೆ, ಎಲ್ಲ ಇದೆ. ಆದರೆ ಮುಂದಿನ ಹಿಂದಿನ ಚಕ್ರದ ಅಂತರ 2,430 ಮಿ.ಮೀ. ಮಾತ್ರ. ಸ್ಟಾರ್ಮ್ 2,650. ಫಾರ್ಚುನರ್ 2,750. ವಿ-ಕ್ರಾಸ್ ಮೂರು ಮೀಟರ್ ದಾಟುತ್ತದೆ. ಗಿಡ್ಡ ಗಾಡಿಯನ್ನು ಹಿಂದಿನ ಭಾರ ಬೇಗ ಆಡಿಸುತ್ತದೆ. ರಿವರ್ಸ್ ಹೋಗುವಾಗಲೂ ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೆ ಟ್ರೇಲರ್ ಮಡಚಿಕೊಳ್ಳುತ್ತದೆ. ಜಿಪ್ಸಿ, ಜಿಮ್ನಿ ಬಿಡಿ. ಜಿಮ್ನಿ ಇರುವುದೇ ಸುಮಾರು 1,200 ಕೆಜಿ. ನಿಮ್ಮ ಬೋಟೇ ಅದನ್ನು ಎಳೆದುಕೊಂಡು ಹೋದೀತು.

ವಿ-ಕ್ರಾಸ್ ನನಗೆ ಇಷ್ಟ. ಒದ್ದೆ ಹಗ್ಗ, ಮೀನಿನ ಬುಟ್ಟಿ ಎಲ್ಲ ಹಿಂದೆ ಎಸೆದು ಬರಬಹುದು. ಎಂಟರೊಳಗೆ ಒಳ್ಳೆಯದು ಸಿಗುವುದು ಕಷ್ಟ. ಫೋರ್ಡ್ ಎಂಡೆವರ್ 3.2 ಎಳೆಯಲಿಕ್ಕೆ ರಾಜ, 470 ಎನ್‌ಎಂ. ಆದರೆ ಅದು ನಿಮ್ಮ ಬಜೆಟ್ ಅಲ್ಲ. ಕಂಪನಿ 2021ರಲ್ಲಿ ಇಲ್ಲಿ ಗಾಡಿ ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿತು.

ಹಾಗಾದರೆ ನಿಮಗೆ ಸ್ಟಾರ್ಮ್ ಅಥವಾ ಫಾರ್ಚುನರ್. ಎಲ್ಲಿಂದ ತಗೊಳ್ಳುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ಕರಾವಳಿಯ ಗಾಡಿಗೆ ಇಂಜಿನ್ ಒಳ್ಳೆಯದಿರುತ್ತದೆ, ಅಡಿ ಹೋಗಿರುತ್ತದೆ. ನಮ್ಮ ತೋಟದ ಗಾಡಿಗೆ ಅಡಿ ಚೆನ್ನಾಗಿರುತ್ತದೆ, ಕ್ಲಚ್ಚು, ಬುಷ್ಷು, ಸ್ಟೇರಿಂಗ್ ಹೋಗಿರುತ್ತದೆ. ಕ್ಲಚ್ ಬದಲಿಸಬಹುದು. ಚಾಸಿ ಬದಲಿಸಲಿಕ್ಕೆ ಆಗುವುದಿಲ್ಲ.

ಗ್ರೀಸ್ ಕೈ · ಮೇ 20

ಘಟ್ಟದವರು ಸರಿಯಾಗಿ ಹೇಳಿದರು. ಅಡಿ ನೋಡುವುದು ಹೇಗೆ ಅಂತ ನಾನು ಹೇಳುತ್ತೇನೆ.

ಗೋಣಿಚೀಲ, ಟಾರ್ಚ್, ಹಳೆಯ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋಗಿ. ಗಾಡಿಯ ಅಡಿ ಮಲಗಿ ಚಾಸಿಯ ಉದ್ದಕ್ಕೂ ಹಿಡಿಯಿಂದ ಬಡಿಯುತ್ತಾ ಬನ್ನಿ. ಠಣ್ ಠಣ್ ಅಂದರೆ ಜೀವ ಇದೆ. ದೊಬ್ ಅಂದರೆ ಒಳಗಿನಿಂದ ತುಕ್ಕು ತಿಂದಿದೆ. ಹಿಂದಿನ ಚಕ್ರದ ಮೇಲೆ ಚಾಸಿ ಬಾಗುವ ಜಾಗ, ಸ್ಟೆಪ್ನಿ ತೂಗುವ ಜಾಗ, ಹಿಂದಿನ ಅಡ್ಡಪಟ್ಟಿ, ಈ ಮೂರು ಕಡೆ ಜಾಸ್ತಿ ಹೊತ್ತು ಕಳೆಯಿರಿ. ನಿಮ್ಮ ಕೊಂಡಿ ಕೂರುವುದೇ ಆ ಅಡ್ಡಪಟ್ಟಿಯ ಹತ್ತಿರ. ಬ್ರೇಕ್ ಪೈಪಿನ ಮೇಲೆ ಉಗುರಿನಿಂದ ಕೆರೆದು ನೋಡಿ, ಪದರ ಏಳಬಾರದು. ಹಳೆಯ ಗಾಡಿಯ ಅಡಿಗೆ ಹೊಸ ಕಪ್ಪು ಪೇಂಟ್ ಮಿಂಚುತ್ತಿದ್ದರೆ ಚಾ ಕೂಡ ಕುಡಿಯದೆ ಎದ್ದು ಬನ್ನಿ. ಮೀನು ಹಾಳಾದಷ್ಟೂ ಐಸ್ ಜಾಸ್ತಿ ಹಾಕುತ್ತಾರೆ.

ಸ್ಟಾರ್ಮ್‌ನ ಫೋರ್ ಬೈ ಫೋರ್ ಲಿವರಿನಲ್ಲಿ ಅಲ್ಲ, ತಿರುಗಿಸುವ ಬಟನ್‌ನಲ್ಲಿ ಹಾಕುವುದು. ಒಳಗೆ ಸಣ್ಣ ಮೋಟಾರ್ ಆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಹಾಕದೆ ಬಿಟ್ಟ ಗಾಡಿಯಲ್ಲಿ ಅದು ಹಿಡಿದುಕೊಂಡಿರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹತ್ತಿದರೆ ಸಾಲದು. ಜಲ್ಲಿ ಹಾಕಿದ ಅಂಗಳಕ್ಕೆ ತನ್ನಿ. ಫೋರ್ ಹೈ ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿ. ಗಾಡಿ ಯಾರೋ ಹಿಂದಿನಿಂದ ಹಿಡಿದ ಹಾಗೆ ಜಗ್ಗಬೇಕು. ಜಗ್ಗದೆ ಸಲೀಸಾಗಿ ತಿರುಗಿದರೆ ಮುಂದಿನ ಚಕ್ರಕ್ಕೆ ಏನೂ ಹೋಗುತ್ತಿಲ್ಲ ಅಂತ ಅರ್ಥ. ಆಮೇಲೆ ನಿಲ್ಲಿಸಿ, ಕ್ಲಚ್ ಒತ್ತಿ ಲೋ ಹಾಕಿ ನೋಡಿ.

ಚಪ್ಪಲಿ ಸವೆದವ · ಮೇ 22

ಕಾಗದದ ಕೆಲಸ ಯಾರೂ ಹೇಳಲಿಲ್ಲ. ಮಣಿಪಾಲ, ಮಂಗಳೂರು ಎರಡೂ ಕಡೆ ಆರ್‌ಟಿಒ ಮೆಟ್ಟಿಲು ಹತ್ತಿ ಚಪ್ಪಲಿ ಸವೆಸಿದ್ದೇನೆ, ಅದಕ್ಕೇ ಈ ಹೆಸರು.

ಗಾಡಿ ವರ್ಗಾವಣೆಗೆ ಫಾರ್ಮ್ 29, 30. ಸಾಲ ಇದ್ದ ಗಾಡಿಯಾದರೆ ಸಾಲ ತೀರಿತು ಅನ್ನುವ ಫಾರ್ಮ್ 35 ಬ್ಯಾಂಕಿನಿಂದ ಬರಬೇಕು. ಅದು ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಕಾಸರಗೋಡಿನಲ್ಲಿ ಕಡಿಮೆಗೆ ಸಿಗುತ್ತದೆ ಅಂತ ಓಡಬೇಡಿ. ಕೇರಳದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಹೊಸ ನಂಬರ್ ಮಾಡಿಸಬೇಕು. ನಮ್ಮ ರಾಜ್ಯದ ತೆರಿಗೆಯೂ ಕಟ್ಟಬೇಕು. ಉಳಿಸಿದ್ದು ಅಲ್ಲೇ ಹೋಗುತ್ತದೆ. 2009, 2010ರ ಫಾರ್ಚುನರ್ ನೋಡುವವರು ಆರ್‌ಸಿ ತೆರೆದು ತಾರೀಕು ನೋಡಿ. ಹದಿನೈದು ವರ್ಷ ಆದರೆ ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೆ. ಅಡಿ ತುಕ್ಕು ಹಿಡಿದ ಗಾಡಿಗೆ ಅಲ್ಲೂ ತಲೆನೋವು.

ಟ್ರೇಲರ್ ಬಗ್ಗೆ: 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್‌ಗೂ ನೋಂದಣಿ ಬೇಕು. ಅದಕ್ಕೆ ಅದರದ್ದೇ ನಂಬರ್ ಇರಬೇಕು. ಎಳೆಯುವ ಗಾಡಿಯ ನಂಬರನ್ನೂ ಅದರ ಹಿಂದೆ ಹಾಕಬೇಕು. ಊರಿನ ವೆಲ್ಡಿಂಗ್ ಟ್ರೇಲರ್‌ಗೆ ಇದು ಸುಲಭ ಅಲ್ಲ, ಗೊತ್ತು. ಆದರೆ ಹೆದ್ದಾರಿಯಲ್ಲಿ ಒಂದು ತಾಗಿದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಅದನ್ನು. ವೇಬ್ರಿಜ್ ಚೀಟಿ ಬಿಸಾಡಬೇಡಿ, ಆರ್‌ಸಿ, ಇನ್ಶೂರೆನ್ಸ್ ಜೊತೆ ಒಂದೇ ಫೈಲಿನಲ್ಲಿ ಇಡಿ.

ಕೆಮ್ಮಣ್ಣಿನವ · ಜೂನ್ 14

ಮಳೆ ಹಿಡಿದಿದೆ. ಬೋಟ್ ಅಂಗಳದಲ್ಲಿ ತಾರ್ಪಾಲು ಹೊದ್ದು ಮಲಗಿದೆ. ಗಾಡಿ ಹುಡುಕಲಿಕ್ಕೆ ಒಳ್ಳೆ ಸಮಯ, ಸೋರುವ ಜಾಗ ಎಲ್ಲ ಗೊತ್ತಾಗುತ್ತದೆ.

ಮೊದಲು ನೋಡಿದ್ದು ಸಮುದ್ರದ ಬದಿಯ ಒಂದು ಮನೆಯ ಫಾರ್ಚುನರ್. ಹೊರಗಿನಿಂದ ಮದುಮಗನ ಹಾಗೆ. ಬಿಳಿ ಬಣ್ಣ, ಸೀಟಿಗೆ ಹೊಸ ಕವರ್, ಏಲಕ್ಕಿ ಪರಿಮಳ. ಸ್ಟಾರ್ಟ್ ಮಾಡಿದರೆ ಇಂಜಿನ್ ಸದ್ದು ಕೇಳಿ ಮನಸ್ಸು ಕರಗಿತು. ಗೋಣಿಚೀಲ ಹಾಸಿ ಅಡಿ ಹೋದೆ. ಓನರ್ ಮುಖ ಸಣ್ಣದಾಯಿತು. ಠಣ್, ಠಣ್, ಠಣ್, ಹಿಂದಿನ ಚಕ್ರದ ಹತ್ತಿರ ದೊಬ್. ಅದೇ ಜಾಗದಲ್ಲಿ ಮೆಲ್ಲ ಒತ್ತಿದೆ. ಸ್ಕ್ರೂಡ್ರೈವರ್ ಒಳಗೆ ಹೋಯಿತು! ಕಣ್ಣಿಗೆ ಕೆಂಪು ಪುಡಿ ಬಿತ್ತು. ಕಣ್ಣು ಉಜ್ಜುತ್ತಾ ಹೊರಗೆ ಬಂದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಾ ಕುಡಿದೆ. ಕ್ಷಮಿಸಿ ಗ್ರೀಸ್ ಕೈ ಅಣ್ಣ, ಚಾ ಮೊದಲೇ ಮಾಡಿಟ್ಟಿದ್ದರು.

ಹಳೆ ಫಾರ್ಚುನರ್ · ಜೂನ್ 14

ಎಲ್ಲ ಫಾರ್ಚುನರ್ ಹಾಗಿರುವುದಿಲ್ಲ. ನನ್ನದರ ಅಡಿ ಬಂದು ನೋಡಿ.

(ಒಂದು ಗಂಟೆ ಆದ ಮೇಲೆ) ಈಗ ನಾನೇ ಟಾರ್ಚ್ ಹಿಡಿದು ನೋಡಿ ಬಂದೆ. ಸ್ಟೆಪ್ನಿ ಹತ್ತಿರ ಸ್ವಲ್ಪ ಇದೆ. ಗ್ರೀಸ್ ಕೈ, ನಿಮ್ಮ ನಂಬರ್ ಖಾಸಗಿಯಾಗಿ ಕಳುಹಿಸಿ.

ಕೆಮ್ಮಣ್ಣಿನವ · ಜುಲೈ 6

ಗಾಡಿ ಬಂತು. 2014ರ ಸಫಾರಿ ಸ್ಟಾರ್ಮ್ ಫೋರ್ ಬೈ ಫೋರ್, ಘಟ್ಟದ ಮೇಲಿನ ತೋಟದ್ದು. 6.9 ಕೇಳಿದ್ದರು, 6.4ಕ್ಕೆ ಮುಗಿಯಿತು. ಕಾಫಿ ಘಾಟಿಯವರು ಜೊತೆಗೆ ಬಂದು ನೋಡಿಕೊಟ್ಟರು, ಅವರ ಮನೆಯ ಅಕ್ಕಿ ರೊಟ್ಟಿಯ ಋಣ ಬೇರೆ.

ಹೇಳಿದ ಹಾಗೇ ಇತ್ತು. ಚಾಸಿ ಈ ತುದಿಯಿಂದ ಆ ತುದಿಗೆ ಠಣ್. ಕ್ಲಚ್ ಮಾತ್ರ ಕೊನೆಯ ಉಸಿರು. ಮುಂದಿನ ಬುಷ್‌ಗಳು ಹೋಗಿವೆ. ಎಡಗಡೆ ಬಾಗಿಲಿಗೆ ಬೇಲಿ ಕಂಬದ ಗೀರು. ಒಳಗೆ ಗೊಬ್ಬರದ ವಾಸನೆ. ಹೆಂಡತಿ ಮೊದಲ ದಿನ ಹತ್ತಲೇ ಇಲ್ಲ. ಜಲ್ಲಿ ಅಂಗಳದಲ್ಲಿ ಫೋರ್ ಹೈ ಹಾಕಿ ತಿರುಗಿಸಿದಾಗ ಯಾರೋ ಹಿಡಿದು ಎಳೆದ ಹಾಗೆ ಜಗ್ಗಿತು. ಅಷ್ಟು ಖುಷಿ ನನಗೆ ಮೈಲೇಜ್ ಕೇಳಿದಾಗ ಆಗಲಿಲ್ಲ.

ಚಾರ್ಮಾಡಿ ಇಳಿಯುವಾಗ ಮಂಜು, ಮಳೆ. ಎರಡು ಟನ್ ಗಾಡಿ, ರಸ್ತೆಗೆ ಅಂಟಿಕೊಂಡು ಬಂತು. ಗೇರ್ ಹಾಕುವುದು ಸ್ವಲ್ಪ ಬಾವಿಯಿಂದ ನೀರು ಸೇದಿದ ಹಾಗೆ. ಅಭ್ಯಾಸ ಆಗುತ್ತದೆ.

ಹೊಯಿಗೆ ಬಜಾರ್ · ಜುಲೈ 6

ಶುಭವಾಗಲಿ. ಕೊಂಡಿಯನ್ನು ಬಂಪರಿಗೆ ಅಲ್ಲ, ಚಾಸಿಯ ಎರಡೂ ಬದಿಗೆ ಬೋಲ್ಟ್ ಹಾಕಿ ಕೂರಿಸಿ. ಸುರಕ್ಷತೆಯ ಸರಪಳಿ ಎರಡು, ಕತ್ತರಿ ಆಕಾರದಲ್ಲಿ ಅಡ್ಡ ಹಾಕಿ. ಕೊಂಡಿ ಕಳಚಿದರೆ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ.

ಕಡಲಕರೆ ಅಕ್ಕ · ಜುಲೈ 7

ಪಡುಕೆರೆ ಕಡೆ ಹೊಯಿಗೆಗೆ (ಮರಳಿಗೆ) ಇಳಿಸುವ ಯೋಚನೆ ಇದ್ದರೆ ಟಯರಿನ ಗಾಳಿ ಅರ್ಧಕ್ಕೆ ಇಳಿಸಿ, ಹದಿನೆಂಟು ಪಿಎಸ್‌ಐ ಹತ್ತಿರ. ಪಂಪ್ ಇಟ್ಟುಕೊಳ್ಳಿ, ಟಾರಿಗೆ ಬಂದ ಕೂಡಲೇ ತುಂಬಿಸಬೇಕು. ಮತ್ತೆ ಕಲ್ಲು!

ಕೆಮ್ಮಣ್ಣಿನವ · ಅಕ್ಟೋಬರ್ 5

ಕಡಲಿಗೆ ಪೂಜೆ ಮಾಡುವ ನೂಲ ಹುಣ್ಣಿಮೆ ಕಳೆದು ಎಷ್ಟೋ ದಿನ ಆಯಿತು, ನಮ್ಮ ಮುಹೂರ್ತ ಇವತ್ತು ಬಂತು. ಹೊಸ ಕ್ಲಚ್, ಹೊಸ ಬುಷ್, ಟ್ರೇಲರ್‌ಗೆ ಬ್ರೇಕ್, ವಿಂಚ್ ಕಂಬ ಮುಂದೆ. ಕೊಂಡಿಯ ಮೇಲೆ ಈಗ 110 ಕೆಜಿ. ಟ್ರೇಲರ್ ನೋಂದಣಿಯ ಅರ್ಜಿ ಕೊಟ್ಟು ಸುಮಾರು ದಿನ ಆಯಿತು, ನಂಬರ್ ಇನ್ನೂ ಬಂದಿಲ್ಲ. ಅದಕ್ಕೇ ಹೆದ್ದಾರಿಗೆ ಹೋಗದೆ ಮನೆ ಹತ್ತಿರದ ಕಡವಿಗೇ ಹೋದೆವು. ಬೆಳಿಗ್ಗೆ ಉಬ್ಬರದ ಹೊತ್ತು. ಹಬ್ ಮುಟ್ಟಿ ನೋಡಿದೆ, ಬಿಸಿ ಇರಲಿಲ್ಲ, ಆದರೂ ಚಾ ಕುಡಿದೆವು. ಮಗಳು ಚಕ್ರಕ್ಕೆ ಕಲ್ಲು ಕೊಟ್ಟಳು. ಬ್ರೇಕಿನ ಪಿನ್ ಹಾಕಿದೆ. ಲೋ ಹಾಕಿ ರಿವರ್ಸ್, ಇಳಿಸಿದ್ದೇ ಗೊತ್ತಾಗಲಿಲ್ಲ. ಮಾವ ಮಂಡಿನೋವು ಮರೆತು ಬೋಟ್ ಹತ್ತಿದರು.

ಹತ್ತು ನಿಮಿಷ ಆಗಿರಬೇಕು, ಮಾವ ಕಾಲು ಎತ್ತಿ ಬೆಂಚಿನ ಮೇಲಿಟ್ಟರು. ಆಮೇಲೆ ಇನ್ನೊಂದು ಕಾಲು. ಆಮೇಲೆ ನನ್ನ ಮುಖ ನೋಡಿದರು.

ಬೂಚು ಹಾಕಿರಲಿಲ್ಲ.

ಹೇಗೋ ದಡಕ್ಕೆ ತಂದು ಟ್ರೇಲರ್ ಮೇಲೆ ಎಳೆದೆವು. ಒಳಗೆ ಎಷ್ಟು ನೀರು ಇತ್ತೋ ದೇವರಿಗೇ ಗೊತ್ತು, ವಿಂಚ್ ತಿರುಗಿಸುವಾಗ ಕೈ ಕಳಚಿ ಬಂದ ಹಾಗಾಯಿತು. ಟ್ರೇಲರಿನ ಸ್ಪ್ರಿಂಗ್ ಪೂರ್ತಿ ಚಪ್ಪಟೆ. ಫೋರ್ ಲೋ, ಮೊದಲ ಗೇರ್, ಕ್ಲಚ್ ಬಿಟ್ಟೆ ಅಷ್ಟೇ. ಆಕ್ಸಿಲರೇಟರ್ ಮುಟ್ಟಲೇ ಇಲ್ಲ. ಸ್ಟಾರ್ಮ್ ತನ್ನ ಪಾಡಿಗೆ ಗುರುಗುಟ್ಟುತ್ತಾ ಮೇಲೆ ನಡೆಯಿತು, ಹಿಂದಿನಿಂದ ಬೋಟು ಹಸುವಿನ ಹಾಗೆ ನೀರು ಹೊಯ್ಯುತ್ತಾ ಬಂತು.

ಗ್ರೀಸ್ ಕೈ · ಅಕ್ಟೋಬರ್ 5

ಬೂಚು ಎಲ್ಲಿತ್ತು?

ಕೆಮ್ಮಣ್ಣಿನವ · ಅಕ್ಟೋಬರ್ 5

ವೇಬ್ರಿಜ್ ಚೀಟಿಯ ಕವರಿನಲ್ಲಿ. ಆ ಕವರ್ ಫೈಲಿನಲ್ಲಿ. ಆ ಫೈಲ್ ಸ್ಟಾರ್ಮ್‌ನ ಡ್ಯಾಶ್‌ಬೋರ್ಡ್ ಒಳಗೇ ಇತ್ತು.

ಸುಮ್ನೆ ಕೇಳ್ದೆ · ಅಕ್ಟೋಬರ್ 6

ಪಿಕಪ್ ಡ್ರೈವರ್ ಇದ್ದಿದ್ದರೆ ನೆನಪು ಮಾಡುತ್ತಿದ್ದ.